ತೆಂಗಿನಕಾಯಿಗೆ ಹೆದರಿ ಹೊಡೆದ ತಗಡು

ಕಣಕಟ್ಟೆ ಹತ್ತಿರದ ಒಂದು ತೋಟದಲ್ಲಿ ಗಾಡಿ ನಿಲ್ಲಿಸಿದ್ದಾಗ ಟಾಪಿನ ಮೇಲೆ ಒಂದು ಬಲಿತ ಕಾಯಿ ಬಿತ್ತು. ಫೈಬರ್ ಟಾಪು ಅಂಗೈಯಗಲ ಬಿರುಕು ಬಿಟ್ಟಿತು. ಒಳಗೆ ಕೆಲಸ ಮಾಡುತ್ತಿದ್ದ ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು. ಅವರ ತಾಯಿಯನ್ನು ನಾನು ದೊಡ್ಡಮ್ಮ ಅಂತ ಕರೆಯುತ್ತೇನೆ. ಹುಟ್ಟಿನಿಂದ ಅವರಿಗೆ ಕಿವಿ ಕೇಳಿಸದು. ಸದ್ದು ಗೊತ್ತಾಗಲಿಲ್ಲ, ಗಾಡಿ ಅದುರಿದ್ದು ಗೊತ್ತಾಯಿತು. ಇಳಿದು ಬಂದು ಕಾಯಿ ಎತ್ತಿಕೊಂಡು, ಅಲ್ಲಾಡಿಸಿ ಒಳಗಿನ ನೀರನ್ನು ಕೈಯಲ್ಲೇ ಅಂದಾಜು ಮಾಡಿ, ಚಟ್ನಿಗೆ ಆಗುತ್ತದೆ ಎಂದು ಸನ್ನೆ ತೋರಿಸಿ ಒಳಗೆ ತೆಗೆದುಕೊಂಡು ಹೋದರು.

ನಾನು ಅರಸೀಕೆರೆ ಸೀಮೆಯವನು. ತೆಂಗಿನ ಮರದ ಕೆಳಗೆ ಗಾಡಿ ನಿಲ್ಲಿಸಬಾರದೆಂದು ಗೊತ್ತಿಲ್ಲದವನಲ್ಲ. ಆದರೆ ನಮ್ಮ ಕಡೆ ತೆಂಗಿನ ಮರದ್ದಲ್ಲದ ನೆರಳು ಬೇಕೆಂದರೆ ಎಲ್ಲಿಂದ ತರುವುದು? ಮಾರನೆಯ ದಿನವೇ ಗಾಡಿಯನ್ನು ಅರಸೀಕೆರೆಗೆ ತಿರುಗಿಸಿದೆ.

ಗಾಡಿ ಎಂದರೆ ಮನೆಯೇ ಆದ ಗಾಡಿ. ದೊಡ್ಡ ಟೆಂಪೋ ಒಂದನ್ನು ಬಿಚ್ಚಿ, ಒಳಗೆ ಎರಡು ಮಂಚ, ಒಲೆ, ನೀರಿನ ಟ್ಯಾಂಕು, ಹಿಂಭಾಗದಲ್ಲಿ ಮೇಡಂ ಕೆಲಸ ಮಾಡುವ ಮೇಜು ಕೂರಿಸಿದ್ದರು. ತಾಯಿ, ಮಗಳು ಒಳಗೆ ಮಲಗುತ್ತಿದ್ದರು, ಡ್ರೈವರಾದ ನಾನು ಮುಂದಿನ ಸೀಟಿನಲ್ಲಿ. ನಮಗೆ ಇಂಥದೇ ಊರು ಅಂತ ಇರಲಿಲ್ಲ. ಕಲ್ಲು ಕೆತ್ತಿದ ಗುಡಿ ಯಾವ ಹಳ್ಳಿಯ ಮೂಲೆಯಲ್ಲಿದ್ದರೂ ದೊಡ್ಡಮ್ಮನಿಗೆ ಅದನ್ನು ನೋಡಬೇಕು. ಗೋಡೆ ಗೋಡೆಗೂ ನಿಂತು, ಬೆರಳಿಟ್ಟುಕೊಂಡು ಓದುವವರ ಹಾಗೆ ನೋಡುತ್ತಿದ್ದರು. ಮೇಡಂ ಕೆಲಸ ಎಲ್ಲಿ ಕೂತಾದರೂ ಮಾಡುವಂಥದ್ದು; ನೆಟ್ ಒಂದು ಇದ್ದರೆ ಸಾಕು.

ಅವರ ಕೆಲಸ ಕೈಯಲ್ಲಿ ಮಾತಾಡುವುದು. ಕಿವಿ ಕೇಳದವರು ಆಸ್ಪತ್ರೆಗೋ ಆಫೀಸಿಗೋ ಹೋದರೆ ಅಲ್ಲಿಂದ ಇವರಿಗೆ ವಿಡಿಯೋ ಕಾಲ್ ಬರುತ್ತದೆ. ಅವರು ಕೈಯಲ್ಲಿ ಹೇಳಿದ್ದನ್ನು ಇವರು ಬಾಯಲ್ಲಿ ಡಾಕ್ಟರಿಗೆ ಹೇಳಬೇಕು, ಡಾಕ್ಟರ್ ಹೇಳಿದ್ದನ್ನು ಕೈಯಲ್ಲಿ ಅವರಿಗೆ ಹೇಳಬೇಕು. ಬರೀ ಮಾತಾಗಿದ್ದರೆ ಕರಕರ ಎನ್ನುವ ಲೈನಿನಲ್ಲೂ ನಡೆದುಹೋಗುತ್ತದೆ. ಇದಕ್ಕೆ ಚಿತ್ರ ನಿಲ್ಲದೆ ಬರಬೇಕು. ಅರ್ಧಕ್ಕೆ ನಿಂತ ಕೈ ಬೇರೆಯೇ ಅರ್ಥ ಕೊಟ್ಟುಬಿಡುತ್ತದೆ. ಅವರ ಭಾಷೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಸನ್ನೆಯ ಹೆಸರಿರುತ್ತದೆ. ದೊಡ್ಡಮ್ಮ ನನಗಿಟ್ಟ ಹೆಸರು ಮೀಸೆ ತಿರುವುವುದು.

ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಗ್ಯಾರೇಜು ಸೇರಿದ ನನಗೆ ಇಂಟರ್‌ನೆಟ್ಟಿನ ಒಳಗುಟ್ಟು ಗೊತ್ತಿರಲಿಲ್ಲ. ಆದರೆ ನೀರು, ಡೀಸೆಲ್ಲು, ಗ್ಯಾಸಿನ ಜತೆ ನೆಟ್ ಹುಡುಕುವುದೂ ನನ್ನ ಪಾಲಿನ ಕೆಲಸ. ಮೂರು ಕಂಪನಿಯ ಸಿಮ್ಮು ಇಟ್ಟುಕೊಂಡಿದ್ದೆ. ಊರು ಹತ್ತಿರವಾದಂತೆ ಗಾಡಿ ನಿಧಾನ ಮಾಡುವುದು, ಇಳಿಯುವುದು, ಫೋನನ್ನು ತಲೆಯ ಮೇಲೆತ್ತಿ ಹಿಡಿದು ಸುತ್ತ ತಿರುಗುವುದು. ಸಿಗ್ನಲ್ಲಿನ ಕಡ್ಡಿ ಎಷ್ಟು ಬರುತ್ತದೆ ನೋಡಿ, ಜಾಸ್ತಿ ಬಂದ ಕಂಪನಿಯ ಸಿಮ್ಮನ್ನು ರೂಟರಿಗೆ ಹಾಕುವುದು. ರೂಟರು ಮೇಡಂ ಮೇಜಿನ ಮೇಲ್ಗಡೆ, ಟಾಪಿಗೆ ತಾಗಿಕೊಂಡಂತೆ ಒಂದು ಗೂಡಿನಲ್ಲಿತ್ತು. ನಾನು ನಿಲ್ಲಿಸಿದ ಜಾಗದಲ್ಲಿ ಕಾಲ್ ನಿಂತಿತು ಅನ್ನುವ ಮಾತು ಆವರೆಗೂ ಬಂದಿರಲಿಲ್ಲ. ಅದರ ಜಂಬ ನನಗೆ ಇತ್ತು.

ಅರಸೀಕೆರೆಯಲ್ಲಿ ನಾನು ಮೊದಲು ದುಡಿದಿದ್ದ ಶೆಡ್ಡಿನಲ್ಲೇ ಟಾಪಿನ ಕೆಲಸ ಹಿಡಿದೆ. ಬಿರುಕಿಗೆ ಪ್ಯಾಚ್ ಹಾಕಿದರೆ ಸಾಕು ಎಂದ ಶೆಡ್ಡಿನ ಮಾಲೀಕ. ನನಗೆ ಸಾಲಲಿಲ್ಲ. ದಪ್ಪ ಕಬ್ಬಿಣದ ತಗಡು ಎರಡು ತರಿಸಿ, ಮುಂದಕ್ಕೊಂದು ಹಿಂದಕ್ಕೊಂದು, ಟಾಪಿನ ಅಂಚಿಗೆ ಸರಿಯಾಗಿ ಮಡಿಸಿ, ಸಾಲಾಗಿ ರಿವೆಟ್ ಮೊಳೆ ಹೊಡೆದೆ. ಒಲೆಯ ಮೇಲೆ ಹೊಗೆ ಹೋಗಲು ಇದ್ದ ಕಿಂಡಿಯ ಮುಚ್ಚಳಕ್ಕೂ ತಗಡು ಹೊಡೆದೆ. ರಿವೆಟ್ ಸಾಲು ದಾರ ಹಿಡಿದ ಹಾಗೆ ಬಂತು.

"ಏನ್ಲಾ ಇದು, ಗಾಡೀನೋ ತಿಜೋರಿನೋ?" ಎಂದ ಮಾಲೀಕ.

"ಇನ್ ಕಾಯಲ್ಲ, ಮರಾನೇ ಬೀಳ್ಲಿ" ಅಂದೆ.

ದೊಡ್ಡಮ್ಮ ಏಣಿಯ ಕೆಳಗೆ ನಿಂತು ಇಲ್ಲದ ಮೀಸೆಯನ್ನು ಎರಡೂ ಕೈಯಲ್ಲಿ ತಿರುವಿದರು. ಮೇಡಂ ಅಲ್ಲೇ ಒಂದು ಕಾಲ್ ಮಾಡಿ ನೋಡಿದರು. ಚೆನ್ನಾಗಿಯೇ ಬಂತು. ಪೇಟೆಯ ನಡುವೆ, ಟವರುಗಳ ಮಧ್ಯೆ ಬರದೆ ಏನು. ಆ ಪರೀಕ್ಷೆಯೇ ಮುಂದೆ ನನ್ನ ಕಣ್ಣಿಗೆ ಮಣ್ಣೆರಚಿತು.

ಜಾವಗಲ್ ದಾಟಿದ ಮೇಲೆ ತೊಂದರೆ ಶುರುವಾಯಿತು. ಹಳೇಬೀಡಿಗೆ ಬಂದು ಬಸ್ತಿಹಳ್ಳಿಯ ಬಸದಿಗಳ ಆಚೆ ಗಾಡಿ ನಿಲ್ಲಿಸಿದೆ. ಹೊರಗೆ ನಿಂತು ನೋಡಿದರೆ ಮೂರು ಕಡ್ಡಿ. ಒಳಗೆ ಮೇಡಂ ಮುಂದೆ ಬರೀ ಚಕ್ರ ತಿರುಗುತ್ತಿತ್ತು. ಸಿಮ್ ಬದಲಿಸಿದೆ. ರೂಟರ್ ಆರಿಸಿ ಹಚ್ಚಿದೆ. ಸಿಮ್ಮಿನ ಹಿತ್ತಾಳೆ ಮುಖವನ್ನು ಒರೆಸಿದೆ. ಕಸ್ಟಮರ್ ಕೇರಿನವರ ಜತೆ ಜಗಳವಾಡಿದೆ. ಜಾಗ ಬದಲಿಸಿದೆ, ಮತ್ತೆ ಇಳಿದು ಫೋನ್ ಎತ್ತಿ ಹಿಡಿದೆ. ಹೊರಗೆ ಬರುತ್ತಿತ್ತು, ಬಾಗಿಲು ಹಾಕಿದರೆ ಹೋಗುತ್ತಿತ್ತು. ಸೋನೆ ಹಿಡಿದಿತ್ತು. ಮಳೆಯೇ ಸಿಗ್ನಲ್ ಕುಡಿಯುತ್ತಿದೆ ಎಂದುಕೊಂಡೆ. ಮೇಡಂಗೂ ಹಾಗೆಯೇ ಹೇಳಿದೆ, ಗೊತ್ತಿದ್ದವನ ಹಾಗೆ.

ಆ ದಿನಗಳಲ್ಲಿ ಗಾಡಿಯ ಒಳಗಿರುವುದೇ ಹಿಂಸೆಯಾಯಿತು. ಗಾಜುಗಳು ತೆರೆಯುವಂಥವಲ್ಲ, ಬಿಸಿಲಿಗೆಂದು ಕಪ್ಪು ಫಿಲ್ಮ್ ಅಂಟಿಸಿದವು. ಒಣಗದ ಬಟ್ಟೆ, ಬೆವರು, ಒಗ್ಗರಣೆಯ ವಾಸನೆ, ಎಲ್ಲ ಅಲ್ಲೇ. ಮಳೆ ಜೋರಾದರೆ ತಗಡಿನ ಮೇಲೆ ತಮಟೆ ಹೊಡೆದಂತೆ. ಪಕ್ಕದಲ್ಲಿ ಕೂತವರ ಮಾತು ಕೇಳಿಸದು. ತಾಯಿ ಮಗಳು ಕೈಯಲ್ಲಿ ಹಾಯಾಗಿ ಮಾತಾಡಿಕೊಳ್ಳುತ್ತಿದ್ದರು. ಕಿವುಡನಾದವನು ನಾನೊಬ್ಬನೇ.

ಆಗಲೇ ಆ ಹೆಂಗಸಿನ ಕಾಲ್ ಬಂದದ್ದು. ಯಾರು, ಯಾವ ಊರು ಎಂದು ಮೇಡಂ ಹೇಳಲಿಲ್ಲ. ಹೇಳುವುದಿಲ್ಲ, ಅದು ಅವರ ಕೆಲಸದ ಕಟ್ಟುಪಾಡು. ಕಿವಿ ಕೇಳದು, ಓದು ಬರದು, ಹೊಟ್ಟೆಯ ಆಪರೇಷನ್ ಆಗಬೇಕು, ಅಷ್ಟು ಮಾತ್ರ ನನಗೆ ಗೊತ್ತಾದದ್ದು. ಡಾಕ್ಟರ್ ವಿವರಿಸುತ್ತಿದ್ದಾಗ ಚಿತ್ರ ಮತ್ತೆ ಮತ್ತೆ ನಿಂತಿತು. ಕೊನೆಗೆ ಪೂರ್ತಿ ಹೋಯಿತು.

ಮೇಡಂ ಬಾಗಿಲು ತೆಗೆದು ಮೆಟ್ಟಿಲ ಮೇಲೆ ಕೂತರು.

"ಅಣ್ಣ, ಅವಳು ಏನೋ ಕೇಳ್ತಿದ್ಲು. ಅರ್ಧ ಕೇಳಿದ್ಲು, ಅಷ್ಟರಲ್ಲಿ ಹೋಯ್ತು."

"ಇನ್ನೊಂದ್ಸಲ ಮಾಡ್ಬೋದಲ್ವಾ ಮೇಡಂ?"

"ನಾಡಿದ್ದು ಬೆಳಗ್ಗೆ ಹತ್ತಕ್ಕೆ ಅಂದಿದಾರೆ. ಅವತ್ತೂ ಹೀಗಾದ್ರೆ ಮನೆಯವರ ಹತ್ರ ಹೇಳಿಸಿ ಹೆಬ್ಬೆಟ್ಟು ಹಾಕಿಸ್ಕೊಳ್ತಾರಂತೆ. ಅವಳ ಮನೇಲಿ ಒಬ್ಬರಿಗೂ ಕೈ ಮಾತು ಬರಲ್ಲ. ಏನು ಕುಯ್ತಾರೆ ಅಂತಲೇ ಗೊತ್ತಿಲ್ದೆ ಹೋಗಿ ಮಲಗ್ತಾಳೆ."

ಅದೇ ಮಧ್ಯಾಹ್ನ ಬೇಲೂರಿಗೆ ಹೋಗಿ ಒಂದು ಲಾಡ್ಜ್ ನೋಡಿದೆವು. ವೈಫೈ ಇದೆ ಎಂದು ಬೋರ್ಡು. ಕೆಳಗೆ ಕೌಂಟರಿನ ಹತ್ತಿರ ಬರುತ್ತಿತ್ತು, ಮೇಲೆ ರೂಮಿಗೆ ಬರುತ್ತಿರಲಿಲ್ಲ. ಕೌಂಟರಿನವನು ಸೋಫಾ ತೋರಿಸಿ, "ಇಲ್ಲೇ ಕೂತ್ಕೊಂಡು ಮಾಡಿ ಮೇಡಂ, ಯಾರೂ ಏನೂ ಅನ್ನಲ್ಲ" ಎಂದ. ಎದುರಿಗೆ ಟೂರಿಸ್ಟುಗಳು ಕಾಫಿ ಕುಡಿಯುತ್ತಿದ್ದರು. ಒಬ್ಬ ಹೆಂಗಸು ತನ್ನ ಹೊಟ್ಟೆಯ ನೋವನ್ನು ಮೈಮೇಲೆ ತೋರಿಸಿ ಹೇಳುವುದನ್ನು ಅಷ್ಟು ಜನರ ನಡುವೆ ಇಟ್ಟುಕೊಂಡು ನೋಡಲಾದೀತೇ? ವಾಪಸ್ ಬಂದೆವು.

ದಾರಿಯಲ್ಲಿ ಮೇಡಂ ಅಂದರು, "ನಾಳೆ ಹಾಸನಕ್ಕೇ ಹೋಗಿಬಿಡೋಣ ಅಣ್ಣ. ಅಲ್ಲೇ ಒಂದು ಬಾಡಿಗೆ ಮನೇನೂ ನೋಡೋಣ. ಸಾಕು ಈ ಗಾಡಿ."

ಹಿಂದೆ ಕೂತಿದ್ದ ದೊಡ್ಡಮ್ಮನಿಗೆ ಇದು ಕೇಳಿಸಲಿಲ್ಲ. ಅವರು ಕಿಟಕಿಯಾಚೆ ನೋಡುತ್ತಿದ್ದರು. ನೋಡಬೇಕಾದ ಗುಡಿಗಳು ಅವರಿಗೆ ಇನ್ನೂ ಬೇಕಾದಷ್ಟಿದ್ದವು. ಗಾಡಿ ನಿಂತರೆ ನನ್ನ ಕೆಲಸವೂ ನಿಂತಂತೆ. ಆದರೆ ನಿಜ ಹೇಳಬೇಕೆಂದರೆ ಆಗ ನನಗೆ ಚುಚ್ಚಿದ್ದು ಅದಲ್ಲ. ನನ್ನ ಕೈಯಲ್ಲಿ ಆಗಲಿಲ್ಲ ಅನ್ನುವುದು.

"ಹಾಸನ ಬೇಡ ಮೇಡಂ. ಹುಲಿಕೆರೆ ಹತ್ರ ಒಂದು ತೋಟ ಐತೆ. ಟವರ್ ಎದುರಿಗೇ ಕಾಣ್ತದೆ. ಅಲ್ಲಿ ಬರ್ಲಿಲ್ಲ ಅಂದ್ರೆ ಎಲ್ಲೂ ಬರಲ್ಲ" ಅಂದೆ.

ಮಾರನೆಯ ಬೆಳಗ್ಗೆ ಹುಲಿಕೆರೆಯ ತೋಟದ ಬಾಯಲ್ಲಿ ಇಳಿದು ಫೋನ್ ಎತ್ತಿ ಹಿಡಿದೆ. ತುಂಬ ಕಡ್ಡಿ. ಇನ್ನೂ ಸ್ವಲ್ಪ ಒಳಗೆ ಹೋದರೆ ಟವರಿಗೆ ಮರ ಅಡ್ಡ ಬರುವುದಿಲ್ಲ ಎಂದು ಗಾಡಿ ಒಳಗೆ ಬಿಟ್ಟೆ. ಮೇಲೆ ಹುಲ್ಲು, ಕೆಳಗೆ ಕೆಸರು. ಎಡಗಡೆಯ ಹಿಂದಿನ ಚಕ್ರ ಇಳಿಯಿತು. ಬಿಡದೆ ಆಕ್ಸಿಲರೇಟರ್ ಕೊಟ್ಟೆ, ಇನ್ನಷ್ಟು ಇಳಿಯಿತು. ಜಾಕ್ ಇಟ್ಟರೆ ಜಾಕೇ ಕೆಸರಿನೊಳಗೆ ಹೋಯಿತು. ತೆಂಗಿನ ಮಟ್ಟೆ, ಕಲ್ಲು, ಏನು ತುರುಕಿದರೂ ಚಕ್ರ ಉಗುಳಿತು. ಒಳಗೆ ಹೋಗಿ ನೋಡಿದರೆ ಮೇಡಂ ಮುಂದೆ ಮತ್ತದೇ ಚಕ್ರ ತಿರುಗುತ್ತಿತ್ತು. ಗಾಡಿಯದೂ ಅದೇ, ನೆಟ್ಟಿನದೂ ಅದೇ, ನಿಂತಲ್ಲೇ ಸುತ್ತುವುದು.

ತೋಟದ ಯಜಮಾನರು ಬಂದರು. ಹಣೆ ತುಂಬ ವಿಭೂತಿ, ಹೆಗಲ ಮೇಲೆ ಟವೆಲ್ಲು. ಗಾಡಿಯ ಸುತ್ತ ಒಂದು ಸುತ್ತು ಹಾಕಿದರು.

"ಟ್ರ್ಯಾಕ್ಟರ್ ಬೇಲೂರಲ್ಲಿ ರಿಪೇರಿಗೆ ಬಿಟ್ಟೀವಿ ಕಣಯ್ಯ. ನಾಳೆ ಸಂಜೆ ಬತ್ತದೆ. ಅಲ್ಲೀಗಂಟ ಇಲ್ಲೇ ಇರ್ರಿ, ನಮ್ದೇನೂ ಅಡ್ಡಿಯಿಲ್ಲ." ಆಮೇಲೆ ಟಾಪಿನ ಕಡೆ ನೋಡಿದರು. "ಮ್ಯಾಲೇನು ತಗಡು?"

"ಕಾಯಿ ಬೀಳ್ತವಲ್ಲ ಯಜಮಾನ್ರೇ, ಅದ್ಕೆ."

"ಓ. ನಮ್ಮ ಕಾಯಿಗೆ ಹೆದ್ರಿಕೊಂಡು" ಎಂದು ನಕ್ಕು ಹೋದರು.

ಮೇಡಂ ಬ್ಯಾಗು ತುಂಬಿ ಬಾಗಿಲ ಬಳಿ ಇಟ್ಟರು. "ಸಂಜೆ ಬಸ್ಸಿಗೆ ನಾನೊಬ್ಬಳೇ ಹಾಸನಕ್ಕೆ ಹೋಗ್ತೀನಿ. ಅಮ್ಮನ್ನ ನೋಡ್ಕೊಳ್ಳಿ. ಅಲ್ಲೂ ಲಾಡ್ಜ್ ಹೇಗಿರುತ್ತೋ ಗೊತ್ತಿಲ್ಲ, ಆದ್ರೆ ಇಲ್ಲಂತೂ ಆಗಲ್ಲ." ಸಿಟ್ಟಿನಿಂದ ಹೇಳಿದ್ದರೆ ಜವಾಬು ಕೊಡುತ್ತಿದ್ದೆ. ಅವರು ಮೆಲ್ಲಗೆ ಹೇಳಿದರು.

ಮಧ್ಯಾಹ್ನ ದೊಡ್ಡಮ್ಮ ಒಗ್ಗರಣೆ ಹಾಕಿದರು. ಮೆಣಸಿನಕಾಯಿ ಸೀದು ಒಳಗೆಲ್ಲ ಘಾಟು. ಕೆಮ್ಮುತ್ತಾ ನಾನು ಒಲೆಯ ಮೇಲಿನ ಕಿಂಡಿಯ ಮುಚ್ಚಳ ಎತ್ತಿದೆ. ಮಳೆ ಎಂದು ಅದನ್ನು ಅಲ್ಲಿಯವರೆಗೆ ಬಿಗಿಯಾಗಿ ಮುಚ್ಚಿಟ್ಟಿದ್ದೆವು. ಎತ್ತಿದ ಕೂಡಲೇ ನನ್ನ ಜೇಬಿನ ಫೋನು ಟಿಣ್ ಟಿಣ್ ಎಂದು ಒಂದರ ಹಿಂದೆ ಒಂದು ಮೆಸೇಜು ಸುರಿಯಿತು. ತೆಗೆದು ನೋಡಿದೆ. ಎರಡು ಕಡ್ಡಿ. ಮುಚ್ಚಳ ಹಾಕಿದೆ, ಸ್ವಲ್ಪ ಹೊತ್ತಿಗೆ ಕಡ್ಡಿ ಹೋಯಿತು. ತೆಗೆದೆ, ಬಂತು. ಮತ್ತೆ ಹಾಕಿದೆ. ದೊಡ್ಡಮ್ಮ ನನ್ನನ್ನೇ ನೋಡುತ್ತಾ, ತಲೆ ಕೆಟ್ಟಿತೇ ಎಂದು ಬೆರಳು ತಿರುಗಿಸಿದರು.

ಮುಚ್ಚಳದ ಒಳಮೈ ಮುಟ್ಟಿದೆ, ಫೈಬರ್. ಹೊರಮೈ ಮುಟ್ಟಿದೆ, ನನ್ನ ತಗಡು. ಮೊದಲು ಸಿಗ್ನಲ್ ಫೈಬರ್ ಟಾಪಿನ ಮೂಲಕ ರೂಟರಿಗೆ ಇಳಿಯುತ್ತಿತ್ತು. ನಾಲ್ಕು ಕಡೆಯ ಗೋಡೆ ಮೊದಲೇ ಕಬ್ಬಿಣ, ಗಾಜಿಗೆ ಅಂಟಿಸಿದ ಫಿಲ್ಮಿನಲ್ಲೂ ಲೋಹದ ಲೇಪ. ಉಳಿದಿದ್ದ ಒಂದೇ ಬಾಗಿಲು ಆಕಾಶದ ಕಡೆಯದು. ಅದನ್ನು ನಾನೇ ರಿವೆಟ್ ಹೊಡೆದು ಮುಚ್ಚಿದ್ದೆ. ಫೋನನ್ನು ಹೊರಗೇ ಎತ್ತಿ ಹಿಡಿದು ನೋಡುತ್ತಿದ್ದವನಿಗೆ ಒಳಗೆ ಏನಾಗುತ್ತದೆಂದು ತಿಳಿಯುವುದಾದರೂ ಹೇಗೆ?

ಕಿಂಡಿ ತೆಗೆದರೆ ಸಿಗ್ನಲ್ ಬರುತ್ತದೆ ಎಂದಷ್ಟೇ ಮೇಡಂಗೆ ಹೇಳಿದೆ. ಮೊದಲು ಸುಲಭದ ದಾರಿ ನೋಡಿದೆವು. ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕಿಂಡಿಯ ಆಚೆ ಟಾಪಿನ ಮೇಲಿಟ್ಟು ಹಾಟ್‌ಸ್ಪಾಟ್ ಹಚ್ಚಿದೆವು. ಚಿತ್ರ ಬಂತು, ಆದರೆ ಆಗಾಗ ನಿಂತಿತು. ರೂಟರಿಗೆ ಇರುವ ಹಿಡಿತ ಫೋನಿಗೆ ಇಲ್ಲ. ರೂಟರನ್ನೇ ಹೊರಗೆ ತರೋಣವೆಂದರೆ, ನೀರು ಬಿದ್ದು ಸತ್ತರೆ ಇನ್ನೊಂದನ್ನು ಅಲ್ಲೆಲ್ಲೂ ಕೊಡುವವರಿಲ್ಲ.

ಹೊರಗೆ ಹೋಗಿ ಟಾಪನ್ನು ನೋಡಿದೆ. ಅಷ್ಟು ನೇರವಾದ ರಿವೆಟ್ ಸಾಲು ನಾನು ಬೇರೆಲ್ಲೂ ಹೊಡೆದಿರಲಿಲ್ಲ. ಕಿತ್ತರೆ ಕೆಳಗಿನ ಫೈಬರಿನಲ್ಲಿ ಸಾಲು ತೂತು ಉಳಿಯುತ್ತವೆ, ಮಳೆಗಾಲ ಬೇರೆ. ಕೀಳದಿದ್ದರೆ ಸಂಜೆಯ ಬಸ್ಸು ಇದ್ದೇ ಇದೆ, ನಾನು ತಪ್ಪಿತಸ್ಥನೂ ಆಗುವುದಿಲ್ಲ. ಮಳೆ, ಟವರು, ಕಂಪನಿ, ಯಾವುದರ ಮೇಲಾದರೂ ಹಾಕಬಹುದು.

"ಹಿಂದಿನ ತಗಡು ಕೀಳ್ತೀನಿ ಮೇಡಂ. ರೂಟರ್ ಮ್ಯಾಲಿಂದು."

"ಸೋರಲ್ವಾ?"

"ಸೋರ್ತದೆ. ಅದನ್ನ ಆಮೇಲೆ ನೋಡ್ಕೊತೀನಿ."

ಬ್ಯಾಟರಿ ಡ್ರಿಲ್ಲಿನಿಂದ ರಿವೆಟ್ ತಲೆಗಳನ್ನು ಕೊರೆಯುತ್ತಾ ಬಂದೆ. ಅರ್ಧ ಆಗುವಷ್ಟರಲ್ಲಿ ಡ್ರಿಲ್ಲಿನ ಚಾರ್ಜು ಮುಗಿಯಿತು. ಉಳಿದದ್ದನ್ನು ಉಳಿ ಇಟ್ಟು ಸುತ್ತಿಗೆಯಿಂದ ಹಾರಿಸಿದೆ. ನೀರು ಸೋರದಿರಲೆಂದು ತಗಡಿನ ಕೆಳಗೆ ಹಾಕಿದ್ದ ಕಪ್ಪು ಗೋಂದು ಬಿಡಲೊಲ್ಲದು. ಗಟ್ಟಿಯಾಗಿರಲಿ ಎಂದು ಧಾರಾಳವಾಗಿ ಬಳಿದವನೂ ನಾನೇ. ಅಡುಗೆಯ ಚಾಕು ತೂರಿಸಿ ಇಂಚಿಂಚೇ ಬಿಡಿಸಿದೆ. ಅಂಗೈ ಕುಯ್ದುಹೋಯಿತು. ದೊಡ್ಡಮ್ಮ ಏಣಿಯ ಅರ್ಧಕ್ಕೆ ಹತ್ತಿ ಅರಿಶಿನ ಮೆತ್ತಿ, ಬಟ್ಟೆ ಕಟ್ಟಿ ಇಳಿದರು. ಕೊನೆಗೆ ತಗಡು ಒಂದು ಸಲ ನರಳಿ ಎದ್ದು ಬಂತು. ಅದನ್ನು ಕೆಳಗೆ ಜಾರಿಸುವ ಹೊತ್ತಿಗೆ ಒಳಗಿನಿಂದ ಮೇಡಂ ದನಿ ಕೇಳಿಸಿತು.

"ಅಣ್ಣ, ಹಸಿರು ಬಂತು."

ರೂಟರಿನ ಹಸಿರು ದೀಪ. ಸ್ನೇಹಿತೆಯೊಬ್ಬರಿಗೆ ವಿಡಿಯೋ ಕಾಲ್ ಮಾಡಿ ಇಬ್ಬರೂ ಬೇಕೆಂದೇ ಬೇಗ ಬೇಗ ಕೈಯಾಡಿಸಿ ನೋಡಿದರು. ಚಿತ್ರ ಎಲ್ಲೂ ಮುಗ್ಗರಿಸಲಿಲ್ಲ. ರಸ್ತೆಯಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಮೇಡಂ ಬಾಗಿಲ ಬಳಿಯಿದ್ದ ಬ್ಯಾಗನ್ನು ನೋಡಿದರು, ಟಾಪನ್ನು ನೋಡಿದರು, ನನ್ನ ಕೈಗೆ ಕಟ್ಟಿದ್ದ ಬಟ್ಟೆಯನ್ನು ನೋಡಿದರು. ಬಸ್ಸು ಹೋಯಿತು. ಬ್ಯಾಗನ್ನು ಎತ್ತಿ ಮಂಚದ ಕೆಳಗೆ ತಳ್ಳಿದರು. ಆ ಕ್ಷಣದಿಂದ ಭಾರ ನನ್ನ ಮೇಲೆ ಬಿತ್ತು. ಇನ್ನು ನಾನೂ ಎಲ್ಲಿಗೂ ಹೋಗುವಂತಿಲ್ಲ.

ತೂತುಗಳಿಗೆಲ್ಲ ಗೋಂದು ತುಂಬಿದೆ. ಆ ತೇವದಲ್ಲಿ ಅದು ಹಿಡಿಯುವುದು ಅನುಮಾನವೇ ಇತ್ತು. ಬೆಳಗ್ಗೆ ಆಸ್ಪತ್ರೆಯ ಕಾಲ್ ಬರುವ ಹೊತ್ತಿಗೆ ಸರಿಯಾಗಿ ಮಳೆಯೂ ಬಂತು. ಮೇಡಂ ಕೂತರು, ಬಾಗಿಲು ಹಾಕಿದರು. ನಾನು ಹೊರಗಿನಿಂದ ಗಾಜಿಗೆ ಮುಖ ಒತ್ತಿ ನೋಡಿದೆ. ಮೇಜಿನ ಮೇಲೆ ಒಂದು ಹನಿ ಬಿತ್ತು, ಇನ್ನೊಂದು ಲ್ಯಾಪ್‌ಟಾಪಿನ ಪಕ್ಕದಲ್ಲೇ. ದೊಡ್ಡಮ್ಮ ಪಾತ್ರೆ ಹಿಡಿದುಕೊಂಡು ನಿಂತರು. ನೀಲಿ ಟಾರ್ಪಾಲು ಎಳೆದುಕೊಂಡು ಏಣಿ ಹತ್ತಿದೆ. ಹಾಸಿದೆ. ಗಾಳಿ ಕಿತ್ತುಕೊಂಡಿತು. ಕಲ್ಲಿಟ್ಟರೆ ಫೈಬರ್ ಮೊದಲೇ ಬಿರುಕು ಬಿಟ್ಟದ್ದು. ಕೊನೆಗೆ ಗಟ್ಟಿ ಅಂಚಿನ ಮೇಲೆ ನಾನೇ ಕೂತು, ಎರಡು ಮೂಲೆಗಳನ್ನು ಕಾಲ ಕೆಳಗೆ, ಎರಡನ್ನು ಕೈಯಲ್ಲಿ ಹಿಡಿದುಕೊಂಡೆ.

ಹಾಗೆ ಕೂತ ಮೇಲೆ ಅಲುಗಾಡುವಂತಿರಲಿಲ್ಲ. ತಲೆಯ ನೇರಕ್ಕೆ ತೆಂಗಿನ ಗೊನೆ. ಕೆಳಗೆ ಕಾಲ್ ನಡೆಯುತ್ತಿದೆಯೋ ನಿಂತಿತೋ ಹೇಗೆ ತಿಳಿಯುವುದು? ಮೇಡಂ ಡಾಕ್ಟರಿಗೆ ಹೇಳುವ ಮಾತು ಒಮ್ಮೊಮ್ಮೆ ಗುಣುಗುಣು ಕೇಳಿಸುತ್ತಿತ್ತು, ಆಮೇಲೆ ಎಷ್ಟೋ ಹೊತ್ತು ಏನೂ ಇಲ್ಲ. ಆ ಸುಮ್ಮನಿರುವಿಕೆ ಕೈ ಮಾತಿನದೋ, ಚಿತ್ರ ನಿಂತುಹೋದದ್ದೋ? ಇಳಿದು ನೋಡಿದರೆ ನೀರು ನುಗ್ಗುತ್ತದೆ. ಮೈಯೆಲ್ಲ ನೆನೆದು ಹಲ್ಲು ಕಟಕಟ ಎನ್ನುತ್ತಿತ್ತು.

ಯಜಮಾನರು ಕೊಡೆ ಹಿಡಿದು ಬಂದು ಕತ್ತೆತ್ತಿದರು.

"ಅಲ್ಲ ಕಣಯ್ಯ, ಕಾಯಿಗೆ ಹೆದ್ರಿ ತಗಡು ಹೊಡ್ದೋನು ನೀನೇ ಅಲ್ವಾ? ಈಗ ಬರೀ ತಲೇಲಿ ಗೊನೆ ಕೆಳಗೇ ಕೂತಿದೀಯಲ್ಲ."

"ಮೆಲ್ಲುಗೆ ಮಾತಾಡಿ ಯಜಮಾನ್ರೇ, ಒಳಗೆ ಆಸ್ಪತ್ರೆ ನಡೀತೈತೆ."

ಅವರು ಬಾಗಿಲು ನೋಡಿದರು, ನನ್ನನ್ನು ನೋಡಿದರು. ಏನರ್ಥವಾಯಿತೋ ಏನೋ. ಹೋಗಲಿಲ್ಲ. ಕೊಡೆ ಹಿಡಿದು ಅಲ್ಲೇ ನಿಂತರು. ತೋಟದ ನಾಯಿ ಬೊಗಳಿದಾಗ ಗದರಿಸಿ ಓಡಿಸಿದರು.

ಮಳೆ ತೆಳ್ಳಗಾಗುವ ಹೊತ್ತಿಗೆ ಬಾಗಿಲು ತೆರೆಯಿತು. ಮೊದಲು ದೊಡ್ಡಮ್ಮ ಇಳಿದರು. ಮೇಲೆ ನೋಡಿ ಮೀಸೆ ತಿರುವಿ ನನ್ನನ್ನು ಕರೆದರು, ಆಮೇಲೆ ಬಾಯಿಗೆ ಲೋಟ ಎತ್ತುವಂತೆ ತೋರಿಸಿದರು. ಕಾಫಿಗೆ ಬಾ. ಮರಗಟ್ಟಿದ ಬೆರಳು ಬಿಡಿಸಿಕೊಂಡು ಇಳಿದೆ. ಮೇಡಂ ಮೆಟ್ಟಿಲ ಮೇಲೆ ಕೂತು ಎರಡೂ ಮಣಿಕಟ್ಟು ಉಜ್ಜಿಕೊಳ್ಳುತ್ತಿದ್ದರು.

ಆಪರೇಷನ್ನಿಗೆ ಆಕೆ ಒಪ್ಪಿದಳೋ ಬೇಡವೆಂದಳೋ, ನಾನು ಕೇಳಲಿಲ್ಲ. ಅವರು ಹೇಳುವಂತಿರಲಿಲ್ಲ. ಅವರೇ ಅಂದರು, "ಅವತ್ತು ಅರ್ಧಕ್ಕೆ ನಿಂತ ಪ್ರಶ್ನೆ ಇವತ್ತು ಪೂರ್ತಿ ಕೇಳಿದ್ಲು ಅಣ್ಣ. ಇನ್ನೂ ಬೇಕಾದಷ್ಟು ಕೇಳಿದ್ಲು. ಡಾಕ್ಟರಿಗೇ ಸುಸ್ತಾಯ್ತು."

ಕಾಫಿ ಕುಡಿದು ಕಿತ್ತ ತಗಡನ್ನು ಎಳೆದು ತಂದೆ. ಕೆಸರು ಕೆದಕಿ, ಅದರ ಮಡಿಸಿದ ಅಂಚನ್ನು ಇಳಿದ ಚಕ್ರದ ಮುಂದೆ ತುರುಕಿದೆ. ಟ್ರ್ಯಾಕ್ಟರಿಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಮೇಡಂ, ಯಜಮಾನರು ಹಿಂದಿನಿಂದ ತಳ್ಳಿದರು. ಚಕ್ರ ಒಂದೆರಡು ಸಲ ಜಾರಿ, ರಿವೆಟ್ಟಿನ ತೂತುಗಳ ಹರಕು ಅಂಚನ್ನು ಹಲ್ಲಿನಲ್ಲಿ ಕಚ್ಚಿದಂತೆ ಹಿಡಿದು, ಗಾಡಿ ಗಟ್ಟಿ ನೆಲಕ್ಕೆ ಬಂತು. ತಗಡು ದೋಣಿಯ ಹಾಗೆ ಬಾಗಿಹೋಗಿತ್ತು.

ಯಜಮಾನರು ಅದನ್ನು ಕಾಲಲ್ಲಿ ತಿರುಗಿಸಿ ನೋಡಿದರು. "ಇದನ್ನ ಬಿಟ್ಟೋಗಯ್ಯ. ಬಡಿದು ನೇರ ಮಾಡಿ ಪಂಪ್ ಮನೆ ಮ್ಯಾಲೆ ಹಾಕ್ಕೊತೀನಿ."

"ಹಾಕ್ಕೊಳ್ಳಿ. ಆದ್ರೆ ಒಳಗೆ ಕೂತ್ರೆ ಫೋನ್ ಬರಲ್ಲ, ನೋಡ್ಕೊಳ್ಳಿ."

"ಮನೇವ್ರು ದಿನಾ ಅಲ್ಲಿಗೇ ಫೋನ್ ಮಾಡೋದು ಕಣಯ್ಯ. ಅದ್ಕೇ ಕೇಳಿದ್ದು."

ಹಾಸನದ ಮನೆಯ ಮಾತನ್ನು ಮೇಡಂ ಎತ್ತಲಿಲ್ಲ. ರಸ್ತೆಗೆ ಬಂದ ಮೇಲೆ ಮುಂದಿನ ಸೀಟಿನಲ್ಲಿ ಕೂತಿದ್ದ ದೊಡ್ಡಮ್ಮ ನನ್ನ ತೋಳು ತಟ್ಟಿ, ಹಿಂದೆ ಬಿಟ್ಟುಬಂದಿದ್ದ ಬಸ್ತಿಹಳ್ಳಿಯ ಕಡೆ ಕೈ ತೋರಿಸಿದರು. ಗೋಡೆಯ ಒಂದು ಬದಿ ನೋಡುವುದು ಬಾಕಿ ಇತ್ತಂತೆ. ಅಲ್ಲಿಗೆ ಹೋಗಿ ನಿಲ್ಲಿಸುವ ಮುಂಚೆ ಸಿಗ್ನಲ್ ನೋಡಿದೆ. ಈ ಸಲ ಇಳಿಯಲಿಲ್ಲ. ಒಳಗೆ ಹೋಗಿ, ಬಾಗಿಲು ಹಾಕಿಕೊಂಡು ನೋಡಿದೆ.